ಕೆಂಪು ಕಂಡರೆ ಆಚೆಗೆ

ಐವ್‌ಲಾಂಡಿನ ಗುಡ್ಡದಲ್ಲಿ ಒಂಬತ್ತಕ್ಕೇ ನನಗೆ ಕೆಲಸ:
ಅಪ್ಪ ಸಾಲ್ವೆ ಒಡೆದುಹಾಕಿದ ಫೆಲ್ಡ್‌ಸ್ಪಾರ್ ರಾಶಿಯ ಮುಂದೆ
ಕುಕ್ಕರುಗಾಲಲ್ಲಿ ಕೂತು ಆರಿಸುವುದು.
ಕಾಳಿನಲ್ಲಿ ಕಲ್ಲು ಆರಿಸುತ್ತಾರೆ ಎಲ್ಲರೂ,
ನಾವು ಕಲ್ಲಿನಲ್ಲಿ ಕಲ್ಲು ಆರಿಸಿದೆವು.

ಹಾಲುಬಿಳಿಯದು ಬುಟ್ಟಿಗೆ.
ಹಿಮ ಬಿದ್ದಮೇಲೆ ಅದು ಜಾರುಬಂಡಿಯೇರಿ, ರೈಲೇರಿ, ಹಡಗೇರಿ
ಯಾರದೋ ಮನೆಯ ಪಿಂಗಾಣಿ ಬಟ್ಟಲಾಗುತ್ತದೆ.
ಕೆಂಪು ಕಂಡರೆ ಆಚೆಗೆ.
ಅಮ್ಮ ಟೂರ್ಬ್ಯೊರ್ಗ್ ಕಲಿಸಿದ ಪಾಠ ಇಷ್ಟೇ.

ಕೆಂಪು ಎಲ್ಲೆಂದರಲ್ಲಿ ಇರುತ್ತಿರಲಿಲ್ಲ.
ನಡುವೆ ಒಂದು ಕರಿಯ ಗಂಟು, ಕಾಫಿಬೀಜದಷ್ಟು,
ಕೆಲವೊಮ್ಮೆ ಮುಷ್ಟಿಯಷ್ಟು.
ಸುತ್ತ ಕಲ್ಲಿಗೆ ಜ್ವರವೇರಿದ ಹಾಗೆ ಬಣ್ಣ;
ಅದನ್ನೂ ದಾಟಿ ಬಿರುಕುಗಳು, ದಿಕ್ಕುದಿಕ್ಕಿಗೆ,
ಮಗು ಗೀಚಿದ ಸೂರ್ಯನ ಹಾಗೆ.
ಪಕ್ಕದ ಬೆಣಚುಕಲ್ಲೋ,
ಬತ್ತಿ ಹೆಚ್ಚಾದ ಲಾಂದ್ರದ ಗಾಜು.

ಆ ಶರತ್ತಿನಲ್ಲಿ ಪಟ್ಟಣದಿಂದ ಒಬ್ಬ ಬಂದ,
ಕೋಟಿನ ಜೇಬಿನ ತುಂಬ ಭೂತಗನ್ನಡಿ.
ಕರಿಯದನ್ನು ಅಂಗೈಯಲ್ಲಿ ಉರುಳಿಸಿ ಹೇಳಿದ:
ಗ್ಯಾಡೊಲಿನೈಟ್. ಹೊರಗೆ ನೋಡಿ, ಹರಳಿನ ಮೂಲೆ ಮುಖ ಎಲ್ಲ ನೆಟ್ಟಗಿದೆ.
ಒಳಗೆ ಒಂದು ಕಣವೂ ತನ್ನ ಜಾಗದಲ್ಲಿ ಇಲ್ಲ.
ತನ್ನನ್ನು ತಾನೇ ಒಳಗಿನಿಂದ ಹೊಡೆದುಕೊಂಡು
ಉಬ್ಬಿದೆ; ಉಬ್ಬಿದ್ದಕ್ಕೆ ಸುತ್ತಲಿನದು ಸೀಳಿದೆ.
'ಮದ್ದಿಟ್ಟ ಹಾಗೆಯೆ?' ಅಂದಳು ಅಮ್ಮ.
'ಛೆ, ಇಲ್ಲಮ್ಮ. ಏನೂ ಮಾಡಲಿಲ್ಲ ಅದು.
ಎಣಿಸಲಾರದಷ್ಟು ವರ್ಷ
ಸುಮ್ಮನೆ ಇತ್ತು, ಅಷ್ಟೆ.'

ಅಮ್ಮ ಅಪ್ಪನ ಕಡೆ ನೋಡಲಿಲ್ಲ.
ನಾನು ನೋಡಿದೆ.

ಅಣ್ಣ ಓನೆನ್ ಗಣಿಯಿಂದ ಚಾಪೆಯಲ್ಲಿ ಬಂದ ದಿನದಿಂದ
ಅಪ್ಪ ಯಾರನ್ನೂ ಬೈದವನಲ್ಲ, ಬಾಗಿಲು ಕೂಡ ಬಡಿದವನಲ್ಲ.
ಬೆಂಚಿನ ಆ ತುದಿಯಲ್ಲಿ ಇರುತ್ತಿದ್ದ.
ನಾಯಿ ತನ್ನ ಮಲಗುವ ಜಾಗವನ್ನು ಹೊಸ್ತಿಲಿಗೆ ಬದಲಾಯಿಸಿತು.
ಅಮ್ಮನ ಹಾಡು ಎರಡನೆಯ ಸಾಲಿಗೆ ನಿಲ್ಲುತ್ತಿತ್ತು.
ಬಟ್ಟಲನ್ನು ಸದ್ದಿಲ್ಲದೆ ಮೇಜಿಗಿಡುವುದು
ನನಗೆ ಯಾರೂ ಹೇಳಿಕೊಡದೆ ಬಂತು.

ಬಂದವನು ಇನ್ನೊಂದು ಮಾತು ಹೇಳಿಹೋಗಿದ್ದ.
ಅದಕ್ಕೇ ಆ ಸಂಜೆ ಅಪ್ಪ ಕುಲುಮೆ ಹೊತ್ತಿಸಿದ.
ಇಕ್ಕುಳದಲ್ಲಿ ಕರಿಯ ಚೂರು, ತಿದಿ ನನ್ನ ಕೈಯಲ್ಲಿ.
ಇನ್ನೂ ಮಂಕುಗೆಂಪಿಗೂ ಬಂದಿರಲಿಲ್ಲ,
ಇದ್ದಕ್ಕಿದ್ದಂತೆ ತಾನಾಗಿಯೇ ಝಗ್ಗೆಂದಿತು!
ಬೆಂಕಿಗಿಂತ ಬೆಳ್ಳಗೆ, ಒಂದಂಚಿನಿಂದ ಇನ್ನೊಂದಕ್ಕೆ
ಯಾರೋ ದೀಪ ಹಿಡಿದು ಕೋಣೆ ದಾಟಿದ ಹಾಗೆ.
ಆರಿತು.
'ಒಳಗೆಲ್ಲ ಮತ್ತೆ ಸಾಲು ಹಿಡಿದು ನಿಂತವಂತೆ,' ಅಂದ ಅಪ್ಪ.
ಆ ವರ್ಷದ ಅವನ ಅತಿ ಉದ್ದದ ವಾಕ್ಯ ಅದು ಅಂದುಕೊಂಡೆ.
ಅಲ್ಲ.
ರಾತ್ರಿ ಮೇಜಿನ ಮುಂದೆ, ತನ್ನ ಬೆರಳುಗಳಿಗೆ ಹೇಳಿದ:
'ಬತ್ತಿ ಗಿಡ್ಡವಾಗಿತ್ತು. ಕತ್ತರಿಸಿದವನು ನಾನು.
ಸಾಕು ಬಿಡು, ಓಡುತ್ತಾನೆ, ಎಳೆಯ ಕಾಲು, ಅಂದುಕೊಂಡೆ.'
ಅಮ್ಮ ಒಲೆಗೆ ಒಂದು ಕೊರಡು ಹಾಕಿದಳು.
ಕಾಫಿ ಬಗ್ಗಿಸಿದಳು.
ಎದ್ದು ಹೋಗಿ ಬೆಂಚಿನ ಆ ತುದಿಯಲ್ಲಿ
ಅವನ ಪಕ್ಕಕ್ಕೆ ಕೂತಳು.

ಮಾರನೆಯ ದಿನ ಕದ್ದು ಅದೇ ಚೂರನ್ನು ಕುಲುಮೆಗಿಟ್ಟೆ.
ತಿದಿ ಒತ್ತಿ ಒತ್ತಿ ತೋಳು ಬಿದ್ದುಹೋಯಿತು.
ಕೆಂಪಾಯಿತು, ಎಲ್ಲ ಕಲ್ಲಿನಂತೆ.
ಒಮ್ಮೆ ಮಾತ್ರವಂತೆ.
ಆ ಭಾಗ ನನಗೆ ಯಾರೂ ಹೇಳಿರಲಿಲ್ಲ.

ಈಗ ನನಗೆ ಎಂಬತ್ತೊಂದು.
ಯಾರ ಮನೆಗೆ ಹೋದರೂ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ,
ಮನೆಯವರು ನಗುತ್ತಾರೆ.
ಬಿಳಿ. ಎಲ್ಲಿ ತಿರುಗಿಸಿದರೂ ಬಿಳಿ.
ಕೆಂಪೆಲ್ಲ ಗುಡ್ಡದ ಮೇಲಿದೆ,
ಕಲ್ಲುಹೂವು ಹತ್ತಿ, ಬರ್ಚ್ ಬೇರಿನ ಕೆಳಗೆ,
ನಾನು ಎಸೆದಲ್ಲೇ.